ತುಟಿಯ ಮೇಲಿನ ಬೆರಳು

ಜಲ್ಲಿ ಕ್ರಷರಿನಲ್ಲಿ ಮೆಲ್ಲಗೆ ಮಾತಾಡಿ ಒಬ್ಬ ಮುದುಕ ಸತ್ತ. ಅವನ ಅಂಗಿಯ ತೋಳು ಯಂತ್ರದ ಬೆಲ್ಟಿಗೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿದ್ದವನನ್ನು ಕರೆದ. ಪಕ್ಕದವನಿಗೆ ಕೇಳಿಸಲಿಲ್ಲ. ಅಷ್ಟೇ ಕಥೆ. ಅಂದಿನಿಂದ ಅಲ್ಲಿ ದುಡಿಯುವವರು ದನಿಯನ್ನು ಗಂಟಲಿನಿಂದ ತೆಗೆಯುವುದನ್ನು ಬಿಟ್ಟು ಹೊಟ್ಟೆಯ ತಳದಿಂದ ತೆಗೆಯುವುದನ್ನು ಕಲಿತರು. ಕಬ್ಬಿಣದ ದವಡೆ ಬಂಡೆಯನ್ನು ಅಗಿಯುವ ಸದ್ದನ್ನು ಸೀಳಿಕೊಂಡು ಆಚೆ ಬದಿಗೆ ಮುಟ್ಟುವ ದನಿಗೆ ಅವರು ‘ಜೋರು’ ಎನ್ನುತ್ತಿದ್ದರು. ಆ ಅಂಗಳದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ‘ಅವಳು ಜೋರು’ ಎಂದರೆ, ಅವಳ ಪಕ್ಕದಲ್ಲಿ ನಿಂತು ನೆಮ್ಮದಿಯಿಂದ ಕೆಲಸ ಮಾಡಬಹುದು ಎಂದು ಅರ್ಥ.

ಈ ಕಥೆಯ ತಾಯಿ ಅಲ್ಲಿ ಜೋರು ಹೆಂಗಸು. ದವಡೆಯಿಂದ ಉದುರಿದ ಜಲ್ಲಿಯನ್ನು ಬಾಂಡ್ಲಿಗೆ ತುಂಬಿ, ತಲೆಯ ಮೇಲೆ ಹೊತ್ತು, ಹಲಗೆ ಏರಿ, ಲಾರಿಗೆ ಸುರಿಯುವುದು ಅವಳ ಕೆಲಸ. ಸುರಿದು ಇಳಿಯುವುದು, ಮತ್ತೆ ತುಂಬುವುದು. ಅವಳ ಕುತ್ತಿಗೆ ಗಂಡಸಿನ ತೋಳಿನಷ್ಟು ಗಟ್ಟಿಯಾಗಿತ್ತು. ಉಗುರುಗಳು ಬೆಳೆಯುವ ಮೊದಲೇ ಸವೆಯುತ್ತಿದ್ದವು. ಪ್ರಾಯದಲ್ಲಿಯೇ ಅವಳ ರೆಪ್ಪೆಗೂದಲು ಮುದುಕಿಯದಾಗಿತ್ತು; ಧೂಳು ಅಲ್ಲಿ ಮನೆ ಮಾಡಿತ್ತು. ಅವಳ ಗಂಡ ದವಡೆಗೆ ಕಲ್ಲು ಉಣಿಸುವವನು. ಒಂದು ಮಧ್ಯಾಹ್ನ ಅವನ ಕೈ ಕಲ್ಲಿನ ಜೊತೆಗೇ ಒಳಗೆ ಹೋಗುವುದಿತ್ತು. ಲಾರಿಯ ಬಳಿಯಿಂದ ಅವಳು ಕೂಗಿದ ಒಂದೇ ಕೂಗಿಗೆ ಯಂತ್ರ ನಿಂತಿತು. ಅವನಿಗೆ ಇಂದಿಗೂ ಎರಡು ಕೈಗಳಿವೆ.

ಕ್ರಷರಿನ ಬೆನ್ನಿಗೆ ಅಂಟಿಕೊಂಡು ತಗಡಿನ ಮನೆಗಳ ಕೇರಿ. ಅಲ್ಲಿ ಗಂಡಹೆಂಡಿರ ಗುಟ್ಟು ಎಂಬುದು ಇರಲಿಲ್ಲ. ಒಂದು ಮನೆಯ ಜಗಳಕ್ಕೆ ನಾಲ್ಕನೆಯ ಮನೆಯವರು ತೀರ್ಪು ಹೇಳುತ್ತಿದ್ದರು. “ಬೇರೆಯವರ ಮನೇಲಿ ಗೋಡೆಗೂ ಕಿವಿ ಇರುತ್ತಂತೆ. ನಮ್ಮಲ್ಲಿ ಗೋಡೆಗೆ ಮಾತ್ರ ಕಿವಿ” ಎಂದು ಅವಳ ಅತ್ತೆ ನಗುತ್ತಿದ್ದಳು. ಅತ್ತೆ ತನ್ನ ಯೌವನವನ್ನು ದವಡೆಯ ಬುಡದಲ್ಲಿ ಕಳೆದವಳು. ಈಗ ಅವಳಿಗೆ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಇಲ್ಲವೇ ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಆಡಬೇಕು. ಸೊಸೆಯ ಮಗಳನ್ನು ಬೆಳೆಸಿದವಳು ಈ ಅಜ್ಜಿ. ಹಾಗಾಗಿ ಮಗು ಮಾತು ಕಲಿಯುವ ಮೊದಲು ಕೂಗು ಕಲಿಯಿತು. ಕೇರಿಯವರು ಅದನ್ನು ಪೀಪಿ ಎಂದು ಕರೆದರು. ಪೀಪಿ ಊಟಕ್ಕೆ ಕರೆದರೆ ಅಪ್ಪ ದವಡೆಯ ಮೇಲಿಂದಲೇ ‘ಬಂದೆ’ ಎಂದು ಕೈ ಎತ್ತುತ್ತಿದ್ದ.

ಕೇರಿಯ ಎದುರಿಗೆ, ರಸ್ತೆ ದಾಟಿದರೆ, ಪ್ರಾಥಮಿಕ ಶಾಲೆ. ಸರಕಾರದ್ದೇ ಶಾಲೆ. ಹತ್ತಿರದ ಮಕ್ಕಳಿಗೆ ಮೊದಲ ಜಾಗ ಎಂದು ಅದರ ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಕೇರಿಯ ಮಕ್ಕಳು ಆ ಅಕ್ಷರಗಳ ಮುಂದೆಯೇ ಹಾದು, ಕಸ ಸುರಿಯುವ ಬಯಲು ದಾಟಿ, ಕೆಳಗಿನ ಶಾಲೆಗೆ ಹೋಗುತ್ತಿದ್ದರು. ಅದು ಒಂದೇ ಕೋಣೆ. ಅದರಲ್ಲಿ ಅರ್ಧ ಭಾಗ ಮುರಿದ ಬೆಂಚುಗಳಿಗೆ, ಗಟ್ಟಿಯಾಗಿ ಹೋದ ಸಿಮೆಂಟ್ ಚೀಲಗಳಿಗೆ. ಮೇಷ್ಟ್ರು ಬಂದ ದಿನ ಪಾಠ. ಬಾರದ ದಿನ ಮಕ್ಕಳೇ ಬಾಗಿಲು ತೆಗೆದು, ಮಕ್ಕಳೇ ಹಾಕಿಕೊಂಡು ಬರುತ್ತಿದ್ದರು. ತಾಯಿಯ ತಂಗಿಯ ಮಗಳು ಅಲ್ಲಿ ಎಲ್ಲ ತರಗತಿಗಳನ್ನೂ ಮುಗಿಸಿ ಕ್ರಷರಿಗೆ ಬಂದಳು. ‘ಅಪಾಯ’ ಎಂದು ಬರೆದ ಹಲಗೆಯನ್ನು ಅವಳು ಅದರ ಮೇಲಿನ ತಲೆಬುರುಡೆ ನೋಡಿ ಗುರುತಿಸುತ್ತಾಳೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಅವಳ ತಾಯಿಯೂ ಹಾಗೆಯೇ ಗುರುತಿಸುತ್ತಾಳೆ.

“ಪೀಪಿನ ಎದುರಿನ ಶಾಲೆಗೆ ಹಾಕ್ತೀನಿ” ಎಂದಳು ತಾಯಿ ಒಂದು ಸಂಜೆ.

ಗಂಡ ಬಾಗಿಲಲ್ಲಿ ಕೂತು ಕಾಲಿನ ಧೂಳು ತೊಳೆಯುತ್ತಿದ್ದ. “ಅಲ್ಲಿ ನಮ್ಮೋರು ಯಾರಿದ್ದಾರೆ?”

“ಯಾರೂ ಇಲ್ಲ. ಅದಕ್ಕೇ ಹಾಕ್ತೀನಿ.”

“ಸುಮ್ಮನೆ ಯಾಕೆ ಇಲ್ಲದ ರಗಳೆ? ಕೆಳಗಿಂದು ಶಾಲೆ ಅಲ್ವಾ?”

“ಅದು ಶಾಲೆ ಅಲ್ಲ, ಕ್ರಷರಿನ ಗೇಟು. ಆ ಕಡೆಯಿಂದ ಮಗೂನ ಒಳಗೆ ಬಿಟ್ರೆ, ಈ ಕಡೆ ಬಾಂಡ್ಲಿ ಕೊಟ್ಟು ಕಳಿಸ್ತಾರೆ.”

ಅತ್ತೆ ಇಬ್ಬರ ತುಟಿಗಳನ್ನೂ ನೋಡುತ್ತಿದ್ದಳು. “ಶಾಲಾ? ಈ ಸೆಕೇಲಿ ಮಗೂಗೆ ಶಾಲು ಯಾಕೆ?”

“ಶಾಲು ಅಲ್ಲ ಅಜ್ಜೀ, ಶಾಲೆ” ಎಂದು ಪೀಪಿ ಕಿವಿಯಲ್ಲಿ ಕೂಗಿತು. ಪಕ್ಕದ ಮನೆಯಿಂದ, “ಹಾಕವ್ವಾ ಹಾಕು, ಹೋಗ್ಲಿ ಮಗು” ಎಂದು ತೀರ್ಪು ಬಂತು. ಗಂಡ ನಕ್ಕುಬಿಟ್ಟ. ನಕ್ಕ ಮೇಲೆ ಬೇಡವೆನ್ನಲು ಅವನಿಗೆ ಮುಖ ಉಳಿಯಲಿಲ್ಲ.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಔಷಧಿ ಅಂಗಡಿಯವನ ಹೆಂಡತಿ ಮೊದಲೇ ಕುಳಿತಿದ್ದಳು. ಅವಳು ಪಾಲಕರ ಸಮಿತಿಯವಳು. ಅವಳಿಗೆ ಕುರ್ಚಿ, ‘ಬನ್ನಿ’, ‘ಕೂತ್ಕೊಳ್ಳಿ’. ತಾಯಿಗೆ ‘ನಿಂತಿರು’. ತಾಯಿ ನಿಂತಳು. ಮೈಯನ್ನು ಉಜ್ಜಿ ಉಜ್ಜಿ ತೊಳೆದು ಬಂದಿದ್ದಳು. ಆದರೂ ಮೊಣಕೈಯ ಗೆರೆಗಳಲ್ಲಿ ಕಲ್ಲಿನ ಬೂದಿ ಇತ್ತು. ಔಷಧಿ ಅಂಗಡಿಯವನ ಹೆಂಡತಿ ಆ ಗೆರೆಗಳನ್ನು ನೋಡಿ, ತನ್ನ ಕೈಚೀಲವನ್ನು ಮಡಿಲಿಗೆ ಎತ್ತಿಕೊಂಡಳು.

“ನಿನ್ನ ಹೆಸರೇನು ಪುಟ್ಟಿ?”

ಮಗು ಹೆಸರು ಹೇಳಿತು. ಅಜ್ಜಿಗೆ ಹೇಳುವ ಹಾಗೆ ಹೇಳಿತು. ಅಂಗಳದಲ್ಲಿ ಬೆಂಚಿಗೆ ಮೊಳೆ ಹೊಡೆಯುತ್ತಿದ್ದ ಬಡಗಿ ಸುತ್ತಿಗೆ ನಿಲ್ಲಿಸಿ ಇಣುಕಿದ.

“ಮನೆ ಎಲ್ಲಿ?”

“ಅಗೋ ಅಲ್ಲಿ. ತಗಡಿಂದು. ನಮ್ಮಜ್ಜಿ ಕೂತಿದಾರೆ ನೋಡಿ.” ಮಗು ಕಿಟಕಿಗೆ ಓಡಿ, ಸರಳು ಹಿಡಿದು, ಅಜ್ಜಿಯನ್ನು ಕೂಗಿತು. ರಸ್ತೆಯಾಚೆ ಪಕ್ಕದ ಮನೆಯವಳು ಮುದುಕಿಯ ಭುಜ ತಟ್ಟಿ ತೋರಿಸಿದಳು. ಮುದುಕಿ ಎರಡೂ ಕೈ ಎತ್ತಿದಳು.

“ಬಹಳ ಜೋರಿದ್ದಾಳೆ” ಎಂದರು ಮುಖ್ಯೋಪಾಧ್ಯಾಯಿನಿ.

ತಾಯಿಯ ಮುಖ ಅರಳಿತು. ಅಷ್ಟು ಓದಿದ ಹೆಂಗಸು ಮೊದಲ ನೋಟದಲ್ಲೇ ಮಗುವಿನ ಗುಣ ಕಂಡುಹಿಡಿದಳಲ್ಲ ಎಂದು ಅವಳ ಎದೆ ತುಂಬಿತು. “ಹೌದು ಮೇಡಂ. ಜೋರು. ನಮ್ಮ ಕೇರೀಲೇ ಅವಳಷ್ಟು ಜೋರು ಯಾರಿಲ್ಲ. ದೊಡ್ಡೋಳಾದ್ರೆ ನನ್ನೇ ಮೀರಿಸ್ತಾಳೆ.”

ಇಬ್ಬರು ಹೆಂಗಸರೂ ಮುಖಮುಖ ನೋಡಿಕೊಂಡರು.

“ಮನೇಲೂ ಹೀಗೇನಾ?”

“ಮನೇಲೂ ಹೀಗೇ ಮೇಡಂ. ನಾನೇ ಕಲಿಸಿದ್ದು.”

“ಹೆತ್ತ ತಾಯೀನೇ ಹೇಳ್ತಿದ್ದಾಳಲ್ಲ, ಇನ್ನೇನು ಕೇಳೋದು” ಎಂದಳು ಔಷಧಿ ಅಂಗಡಿಯವನ ಹೆಂಡತಿ, ಗೋಡೆಗೆ ಹೇಳುವ ಹಾಗೆ.

ಮಾತು ಒಂದೇ. ರಸ್ತೆಯ ಒಂದು ಬದಿಗೆ ಅದು ಪ್ರಾಣ. ಇನ್ನೊಂದು ಬದಿಗೆ ಅದು ಪೊಗರು. ತಾಯಿಗೆ ಇದು ತಿಳಿದಿರಲಿಲ್ಲ. ಅವಳು ನಗುತ್ತಲೇ ನಿಂತಿದ್ದಳು. ಅವಳಿಗೆ ತಿಳಿದಿಲ್ಲವೆಂಬುದು ಎದುರಿಗಿದ್ದ ಇಬ್ಬರಿಗೂ ಕಾಣುತ್ತಿತ್ತು. ಹೇಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

“ನೋಡಮ್ಮ” ಎಂದರು ಮುಖ್ಯೋಪಾಧ್ಯಾಯಿನಿ, “ಈ ಮಗು ಇಲ್ಲಿ ಹೊಂದ್ಕೊಳ್ಳೋದು ಕಷ್ಟ. ಕೆಳಗೆ ನಿಮ್ಮವರದ್ದೇ ಶಾಲೆ ಇದೆ. ಅಲ್ಲಾದ್ರೆ ಅವಳಿಗೂ ಹಾಯಾಗಿರುತ್ತೆ. ನಾವೇನೂ ಬೇಡ ಅನ್ನಲ್ಲ. ಆಯ್ಕೆ ನಿಂದು.”

“ಹತ್ತಿರದ ಮಕ್ಕಳಿಗೆ ಮೊದಲು ಅಂತ ಗೇಟಿನ ಮೇಲೆ ಬರೆದಿದ್ಯಂತೆ ಮೇಡಂ. ನಮಗಿಂತ ಹತ್ತಿರ ಯಾರಿದ್ದಾರೆ? ನಿಮ್ಮ ಗಂಟೆ ಹೊಡೆದ್ರೆ ನಮ್ಮನೆ ತಗಡು ನಡುಗುತ್ತೆ.”

ಬಾಗಿಲಲ್ಲಿದ್ದ ಬಡಗಿ ಕೆಮ್ಮಿದ. ನಗು ನುಂಗಿದ ಕೆಮ್ಮು. ಮುಖ್ಯೋಪಾಧ್ಯಾಯಿನಿಯ ಮುಖ ಬಿಗಿಯಿತು. ಬೇಡ ಎಂದು ಬಾಯಿಬಿಟ್ಟು ಹೇಳಲು ಬರುವಂತಿರಲಿಲ್ಲ. ಬೇರೆ ದಾರಿ ಇತ್ತು.

“ಸರಿ. ಸ್ವಲ್ಪ ದಿನ ನೋಡೋಣ. ಮೊದಲು ಮೆಲ್ಲಗೆ ಮಾತಾಡೋದು ಕಲೀಲಿ. ಕಲಿಯೋ ತನಕ ಒಳಗೆ ಬೇಡ, ಉಳಿದ ಮಕ್ಕಳು ಕೆಡ್ತಾರೆ. ವರಾಂಡದಲ್ಲಿ ಕೂರಲಿ. ಬಾಯಿ ಮೇಲೆ ಬೆರಳು.”

ತಾಯಿ ಅದಕ್ಕೂ ಒಪ್ಪಿದಳು. ಅಷ್ಟು ವರ್ಷ ಬಾಂಡ್ಲಿ ಹೊತ್ತ ತಲೆ ಅದು. ಇಟ್ಟದ್ದನ್ನು ಹೊರುವುದು ಅದಕ್ಕೆ ರೂಢಿ.

ಹಾಗೆ ಮಗು ಶಾಲೆಗೆ ಸೇರಿತು. ಸೇರಿತು ಎಂದರೆ, ಒಂದನೇ ತರಗತಿಯ ಬಾಗಿಲಿನ ಹೊರಗೆ, ಚಪ್ಪಲಿಗಳ ಸಾಲಿನ ಪಕ್ಕದಲ್ಲಿ, ಗೋಡೆಗೆ ಒರಗಿ, ತುಟಿಯ ಮೇಲೆ ಬೆರಳಿಟ್ಟು ಕೂತಿತು. ಕಪ್ಪುಹಲಗೆ ಅಲ್ಲಿಂದ ಕಾಣುತ್ತಿರಲಿಲ್ಲ. ಒಳಗಿನ ಮಕ್ಕಳ ಬೆನ್ನು ಕಾಣುತ್ತಿತ್ತು. ಬೆರಳು ಜಾರಿದರೆ ಒಂದನೇ ತರಗತಿಯ ಮೇಡಂ ಒಳಗಿನಿಂದಲೇ ತಮ್ಮ ಬೆರಳನ್ನು ತುಟಿಗೆ ಒತ್ತಿ ತೋರಿಸುತ್ತಿದ್ದರು. ಮಗು ಮತ್ತೆ ಒತ್ತಿಕೊಳ್ಳುತ್ತಿತ್ತು.

ಮನೆಯಲ್ಲಿ ತಾಯಿ ತಾನೇ ಪಾಠ ಹೇಳಿದಳು. “ಇಷ್ಟು ಮೆಲ್ಲಗೆ. ಇನ್ನೂ ಮೆಲ್ಲಗೆ. ನನಗೂ ಕೇಳಿಸಬಾರದು, ಹಾಗೆ.” ಹೇಳುವ ಅವಳ ದನಿಯೇ ಮೂರು ಮನೆ ದಾಟುತ್ತಿತ್ತು. “ಮೊದಲು ನೀನು ಕಲಿ” ಎಂದು ಗೋಡೆಯಾಚೆಯಿಂದ ಯಾರೋ ನಕ್ಕರು. ಮಗು ನಗಲಿಲ್ಲ. ಅದಕ್ಕೆ ಒಳಗಿನ ಬೆಂಚು ಬೇಕಾಗಿತ್ತು. ಅದು ಬಹಳ ಬೇಗ ಕಲಿಯಿತು.

ಅಜ್ಜಿಯ ಬಳಿ ಬಂದು ಅದು ಏನೋ ಹೇಳಿತು. ಅಜ್ಜಿ ಕಿವಿ ಕೊಟ್ಟಳು. ಕೇಳಿಸಲಿಲ್ಲ. ಮಗುವಿನ ಮುಖವನ್ನು ತನ್ನ ಕಡೆಗೆ ತಿರುಗಿಸಿ ತುಟಿ ನೋಡಿದಳು. ತುಟಿಯ ಮೇಲೆ ಬೆರಳಿತ್ತು. ಮಾತಾಡುವಾಗಲೂ ಮಗು ಬೆರಳು ತೆಗೆದಿರಲಿಲ್ಲ.

“ನನ್ಮೇಲೆ ಕೋಪಾನಾ ಕಂದ?” ಎಂದಳು ಮುದುಕಿ.

ಮಗು ಬೆರಳಿನ ಹಿಂದಿನಿಂದ ಮತ್ತೇನೋ ಪಿಸುಗುಟ್ಟಿತು.

ಮುದುಕಿ ಸೊಸೆಯ ಕಡೆ ತಿರುಗಿದಳು. “ಗಂಟಲು ಕಟ್ಟಿದೆಯಾ ಇದಕ್ಕೆ?”

“ಇಲ್ಲ ಅತ್ತೆ. ಕಲೀತಿದ್ದಾಳೆ.”

“ಏನು ಕಲೀತಿದ್ದಾಳೆ?”

ತಾಯಿ ಒಲೆಯ ಕಡೆ ಮುಖ ಮಾಡಿದಳು. ಮುದುಕಿ ಆ ಸಂಜೆ ಯಾರ ತುಟಿಯನ್ನೂ ನೋಡಲಿಲ್ಲ; ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಈ ಮನೆಯಲ್ಲಿ ಅವಳ ಜೊತೆ ದಿನವಿಡೀ ಮಾತಾಡುತ್ತಿದ್ದುದು ಒಂದೇ ಜೀವ. ಅದನ್ನೂ ಆ ಶಾಲೆ ಕಸಿದುಕೊಂಡಿತು.

ಶಾಲೆಯ ಆಯಾ ಕ್ರಷರಿನ ಗೇಟಿಗೆ ಬಂದ ದಿನ ಬಿಸಿಲು ನೆತ್ತಿಗೇರಿತ್ತು. ಅವಳು ಕರೆದದ್ದು ಯಾರಿಗೂ ಕೇಳಿಸಲಿಲ್ಲ. ಕೈಬೀಸಿದಳು. ತಾಯಿ ಬಾಂಡ್ಲಿಯನ್ನು ಹಲಗೆಯ ಮೇಲೆಯೇ ಇಳಿಸಿ ಓಡಿದಳು. ಹಿಂದಿನಿಂದ ಮೇಸ್ತ್ರಿ ಬೈದ. ಅವಳು ತಿರುಗಲಿಲ್ಲ.

ವರಾಂಡದಲ್ಲಿ ಮಗು ಗೋಡೆಗೆ ಬೆನ್ನು ಅಂಟಿಸಿ ನಿಂತಿತ್ತು. ಲಂಗ ಒದ್ದೆ. ಕಾಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿತ್ತು. ಪಾದದ ಸುತ್ತ ನೀರು ಹರಿದು ಚಪ್ಪಲಿಗಳ ಸಾಲನ್ನು ಮುಟ್ಟಿತ್ತು. ಒಳಗಿನ ಮಕ್ಕಳು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಮಗುವಿನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸದ್ದು ಇರಲಿಲ್ಲ. ಬೆರಳು ತುಟಿಯ ಮೇಲೆಯೇ ಇತ್ತು.

ಆಯಾ ಒಂದು ಬಕೆಟ್ಟನ್ನೂ ಒಂದು ಬಟ್ಟೆಯನ್ನೂ ತಂದು ತಾಯಿಯ ಮುಂದೆ ಇಟ್ಟಳು. “ನೀನೇ ಒರೆಸಬೇಕಂತೆ” ಎಂದು ಮೆಲ್ಲಗೆ ಹೇಳಿ ಹಿಂದೆ ಸರಿದಳು.

“ಕೇಳಬಾರದಿತ್ತಾ ಇವಳು?” ಎಂದರು ಒಂದನೇ ತರಗತಿಯ ಮೇಡಂ. “ಬಾಯಿ ಇಲ್ವಾ? ಆಗಿನಿಂದ ಕೈ ಮೇಲೆ ಕೈ ಬಡೀತಾ ಕೂತಿದ್ದಳು. ಚೇಷ್ಟೆ ಮಾಡ್ತಿದ್ದಾಳೆ ಅಂದ್ಕೊಂಡೆ.”

ಕ್ರಷರಿನಲ್ಲಿ ಅಂಗೈ ಮೇಲೆ ಅಂಗೈ ಬಡಿದರೆ ‘ನಿಲ್ಲಿಸಿ, ತಡೆಯೋಕಾಗಲ್ಲ’ ಎಂದು ಅರ್ಥ. ಅದನ್ನು ಕಂಡವನು ಕೈಯಲ್ಲಿದ್ದುದನ್ನು ಬಿಸುಟು ಓಡಿ ಬರುತ್ತಾನೆ. ಕಲ್ಲಿನ ನಡುವೆ ದುಡಿಯುವವರು ಬರುತ್ತಾರೆ. ಇಲ್ಲಿ ಯಾರೂ ಎದ್ದಿರಲಿಲ್ಲ. ತುಟಿಯ ಬೆರಳು ತೆಗೆದು ಮಗು ಎಷ್ಟು ಹೊತ್ತು ಬಡಿಯಿತೋ, ಅಂಗೈ ಕೆಂಪಗಾಗಿತ್ತು.

ತಾಯಿ ಮಂಡಿಯೂರಿದಳು. ಬಟ್ಟೆ ಎತ್ತಿಕೊಂಡಳು. ಅದು ಅವಳ ಮೈಯ ಅಭ್ಯಾಸ; ಯಾರಾದರೂ ಬಕೆಟ್ಟು ಮುಂದಿಟ್ಟರೆ ಅವಳ ಬೆನ್ನು ತಾನಾಗಿ ಬಾಗುತ್ತಿತ್ತು. ಬಟ್ಟೆಯನ್ನು ನೆಲದ ಹತ್ತಿರ ತಂದಾಗ ಮುಖ್ಯೋಪಾಧ್ಯಾಯಿನಿಯ ಚಪ್ಪಲಿಗಳು ಅವಳ ಕಣ್ಣೆದುರು ಬಂದು ನಿಂತವು.

“ಚೆನ್ನಾಗಿ ಒರೆಸು. ಆಮೇಲೆ ಮಗೂನ ಕರ್ಕೊಂಡು ಹೊರಡು. ಕೆಳಗಿನ ಶಾಲೆಗೆ ನಾನೇ ಹೇಳ್ತೀನಿ. ಇದೆಲ್ಲ ನಂಗೆ ಮೊದಲೇ ಗೊತ್ತಿತ್ತು. ನೀನೇ ಒಪ್ಪಿಕೊಂಡಿದ್ದೆಯಲ್ಲ, ನಾನೇ ಕಲಿಸಿದ್ದು, ಜೋರು ಅಂತ.”

ಆಗ ಅವಳಿಗೆ ಆ ಮಾತು ತಿಳಿಯಿತು. ಅಂದಿನ ತನ್ನ ನಗು ನೆನಪಾಯಿತು. ಅವರಿಬ್ಬರು ನೋಡಿಕೊಂಡ ನೋಟ ನೆನಪಾಯಿತು. ಅವಳು ತನ್ನ ಮಗಳ ಪ್ರಾಣವನ್ನು ಹೊಗಳಿದ್ದಳು. ಅವರು ಅದನ್ನು ತಪ್ಪೊಪ್ಪಿಗೆ ಎಂದು ಇಟ್ಟುಕೊಂಡಿದ್ದರು.

ಬಟ್ಟೆ ನೆಲಕ್ಕೆ ಮುಟ್ಟಲಿಲ್ಲ. ಅವಳು ಅದರಿಂದ ಮಗುವಿನ ತೊಡೆ ಒರೆಸಿದಳು. ಮೊಣಕಾಲು ಒರೆಸಿದಳು. ಪಾದಗಳನ್ನು ಒಂದೊಂದಾಗಿ ಎತ್ತಿ, ಬೆರಳ ಸಂದುಗಳನ್ನು ಒರೆಸಿದಳು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಧೂಳು ಕೊಡವಿ, ಮಗುವಿನ ಸೊಂಟಕ್ಕೆ ಸುತ್ತಿದಳು. ಎದ್ದು ನಿಂತಳು.

“ನೆಲ ಯಾರು ಒರೆಸ್ತಾರೆ?”

“ಒದ್ದೆ ಮಾಡಿಸಿದೋರು ಒರೆಸಲಿ.”

“ಏನಂದೆ?”

“ಮೂತ್ರಕ್ಕೆ ಹೋಗ್ತೀನಿ ಅನ್ನೋಕೆ ಬಾಯಿ ಬೇಕು. ಆ ಬಾಯಿಗೆ ಬೆರಳಿನ ಮೊಳೆ ಹೊಡೆದೋರು ನೀವು. ನೀವೇ ಒರೆಸಿ.”

“ದನಿ ಎತ್ತಬೇಡ. ಇದು ಶಾಲೆ.”

ಅದೇ ಹೊತ್ತಿಗೆ ಪಕ್ಕದ ಕೋಣೆಯಿಂದ ಎರಡನೇ ತರಗತಿಯ ಮಕ್ಕಳು ಮಗ್ಗಿ ಕೂಗುತ್ತಿದ್ದರು. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಹೆಂಚು ಹಾರುವಂತಿತ್ತು.

“ಅದೇನು?” ಎಂದಳು ತಾಯಿ.

“ಅದು ಪಾಠ.”

“ನಿಮ್ಮ ಮಕ್ಕಳು ಕೂಗಿದ್ರೆ ಪಾಠ. ನನ್ನ ಮಗಳು ಹೆಸರು ಹೇಳಿದ್ರೆ ಪೊಗರು. ಅಲ್ವಾ? ಇಷ್ಟು ವರ್ಷ ನಿಮ್ಮ ಪಾಠ ನಮ್ಮ ತಗಡಿಗೆ ಬಡೀತಾ ಇದೆ ಮೇಡಂ. ಮೆಲ್ಲಗೆ ಮಾತಾಡಿ ಅಂತ ನಾವು ಯಾರಾದ್ರೂ ಗೇಟಿಗೆ ಬಂದ್ವಾ?”

ಮುಖ್ಯೋಪಾಧ್ಯಾಯಿನಿ ಬಾಯಿ ತೆರೆದರು. ತಾಯಿ ಕಾಯಲಿಲ್ಲ. ಮಗುವಿನ ಕೈ ಹಿಡಿದು, ಒಂದನೇ ತರಗತಿಯ ಹೊಸ್ತಿಲು ದಾಟಿದಳು. ಬಾಗಿಲಲ್ಲಿದ್ದ ಮಕ್ಕಳು ದಾರಿ ಬಿಟ್ಟರು.

“ಸ್ವಲ್ಪ ಸರಿಯೋ ರಾಜ” ಎಂದಳು ಮೊದಲ ಬೆಂಚಿನ ಹುಡುಗನಿಗೆ. ಅವನು ಸರಿದ. ಅವನಿಗೆ ಅದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಮಗುವನ್ನು ಕೂರಿಸಿದಳು. ಪಕ್ಕದಲ್ಲಿ ತಾನೂ ಕೂತಳು. ಬೆಂಚು ಕಿರುಗುಟ್ಟಿತು, ಅವಳ ಮಂಡಿಗಳು ಎದೆಗೆ ತಾಗಿದವು. ಅವಳ ಮೈಯಿಂದ ಬೂದುಬಣ್ಣದ ಧೂಳು ಉದುರಿ ಬೆಂಚಿನ ಮೇಲೆ ಬಿತ್ತು.

“ಏಳು” ಎಂದರು ಮುಖ್ಯೋಪಾಧ್ಯಾಯಿನಿ ಬಾಗಿಲಿನಿಂದ. “ಎದ್ದೇಳು ಮೊದಲು. ಪೊಲೀಸರನ್ನ ಕರೀತೀನಿ.”

“ಕರೀರಿ. ಬೆಂಚು ಉದ್ದ ಇದೆ. ಅವರೂ ಕೂರಲಿ.”

ಹಿಂದಿನ ಬೆಂಚಿನಲ್ಲಿ ಒಂದು ಮಗು ಕಿಸಕ್ಕನೆ ನಕ್ಕಿತು. ಬಕೆಟ್ಟಿನ ಪಕ್ಕದಲ್ಲಿ ನಿಂತಿದ್ದ ಆಯಾ ತಲೆ ತಗ್ಗಿಸಿದಳು; ಅವಳ ಭುಜ ಅಲುಗುತ್ತಿತ್ತು.

“ಪಾಠ ಮಾಡಿ ಮೇಡಂ” ಎಂದಳು ತಾಯಿ ಒಂದನೇ ತರಗತಿಯ ಮೇಡಂಗೆ.

ಅವರು ಸೀಮೆಸುಣ್ಣ ಹಿಡಿದು ನಿಂತರು. ಬಾಗಿಲಿನ ಕಡೆ ನೋಡಿದರು. ಬಾಗಿಲಿನಿಂದ ಏನೂ ಬರಲಿಲ್ಲ. ಹಾಗೆ ಯಾರೂ ಮಾತಾಡದಿದ್ದರೆ ಸಂಜೆಯ ಗಂಟೆ ಹೊಡೆಯುತ್ತದೆ, ಮಕ್ಕಳು ಮನೆಗೆ ಹೋಗುತ್ತಾರೆ, ಇವಳೂ ಎದ್ದು ಹೋಗಲೇಬೇಕಾಗುತ್ತದೆ ಎಂದು ಆ ಇಬ್ಬರೂ ಎಣಿಸಿದ್ದರು.

ತಾಯಿ ಉಸಿರೆಳೆದಳು. ಹೊಟ್ಟೆಯ ತಳದಿಂದ ತೆಗೆದಳು.

“ಎರಡೊಂದ್ಲ ಎರಡು.”

ಕೋಣೆ ತುಂಬಿತು. ಪಕ್ಕದ ಕೋಣೆಯ ಮಗ್ಗಿ ನಿಂತುಹೋಯಿತು.

“ಎರಡೆರಡ್ಲ ನಾಲ್ಕು. ಎರಡ್ಮೂರ್ಲ ಆರು.”

ಅಂಗಳದಲ್ಲಿ ಇನ್ನೂ ಬೆಂಚು ಮುಗಿಸದ ಬಡಗಿಯ ಸುತ್ತಿಗೆ ನಿಂತಿತು. ರಸ್ತೆಯಲ್ಲಿ ಹೋಗುತ್ತಿದ್ದವರು ಗೇಟಿನ ಬಳಿ ನಿಂತರು.

“ಎರಡ್ನಾಲ್ಕ್ಲ ಎಂಟು. ಎರಡೈದ್ಲ ಹತ್ತು.”

ಅಲ್ಲಿಗೆ ನಿಂತಳು. ಮುಂದೆ ಅವಳಿಗೆ ಬರುತ್ತಿರಲಿಲ್ಲ. ಶಾಲೆಯ ಮಗ್ಗಿ ಬೆಳಗ್ಗೆ ಎರಡೈದ್ಲ ಹತ್ತರ ತನಕ ಬರುವಷ್ಟರಲ್ಲಿ ರಸ್ತೆಯ ಆಚೆ ದವಡೆ ಶುರುವಾಗುತ್ತಿತ್ತು. ಉಳಿದದ್ದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ.

ಮಗು ತಾಯಿಯ ಮುಖ ನೋಡುತ್ತಿತ್ತು. ತಾಯಿ ಅದರ ತುಟಿಯ ಮೇಲಿನ ಕೈಯನ್ನು ಹಿಡಿದು ಕೆಳಗಿಳಿಸಿದಳು. ಬೆಂಚಿನ ಮೇಲಿಟ್ಟು, ಅದರ ಮೇಲೆ ತನ್ನ ಒರಟು ಅಂಗೈ ಊರಿದಳು.

“ಮುಂದಿಂದು ಹೇಳಿಕೊಡಿ ಮೇಡಂ” ಎಂದಳು. “ಅದಕ್ಕೇ ಬಂದಿರೋದು.”